ಖಾಕಿ ಯಾರ ಮನೆಯ ಮಾತು?

"ಕೇಳ್ರಪ್ಪೋ ಕೇಳ್ರಿ! ಅರಮನೆಗೆ ಬಂದಿರೋ ಇಂಗ್ಲಿಷ್ ಸಾಹೇಬರು ತಮ್ಮ ಸಿಪಾಯಿಗಳ ಅಂಗಿಗೆ 'ಖಾಕಿ' ಅಂತಾರ. ಅರಸರು ಅದನ್ನ ಭಾಳ ಮೆಚ್ಚ್ಯಾರ. ಅದರ ಮ್ಯಾಲೆ ರಾಜಕುಮಾರಿ ಪದ್ಮಾಂಬಿಕೆ ಮೂರು ಒಗಟು ಹಾಕ್ತಾರ. ಬಿಡಿಸಿದವರಿಗೆ ಬೇಡಿದ್ದು ಸಿಗ್ತದ. ತಪ್ಪಿದವರ ತಲಿ ಹೋಗ್ತದ!"

ಡಂಗುರ ಕೇಳಿದ್ದೇ ತಡ, ಮಡಿವಾಳರ ದುರಗಪ್ಪ ಬಟ್ಟೆಗಂಟು ಹೊಳೆದಂಡೆಯಲ್ಲೇ ಬಿಟ್ಟು ಅರಮನೆಗೆ ನಡೆದ. ಅವನಪ್ಪ ಭೀಮಪ್ಪ ಸೆರೆಯಲ್ಲಿದ್ದ. ಅರಸನ ಸಿಪಾಯಿಗಳ ಬಿಳಿ ಅಂಗಿಗಳನ್ನು ಮಣ್ಣುಬಣ್ಣ ಮಾಡಿಕೊಟ್ಟಿದ್ದೇ ಅವನ ತಪ್ಪು. ಯಾಕೆ ಮಾಡಿದೆಯಪ್ಪಾ ಎಂದೂ ಕೇಳದೆ ಅರಸ ಅಮಾವಾಸ್ಯೆಗೆ ಗಲ್ಲು ಎಂದುಬಿಟ್ಟಿದ್ದ. ಸಿಟ್ಟು ಬಂದಾಗ ಅರಸರಿಗೆ ಕಿವಿ ಇರುವುದಿಲ್ಲ ನೋಡಿ!

ಸಭೆಯಲ್ಲಿ ಅರಸನ ಪಕ್ಕ ಕೂತ ರಾಜಕುಮಾರಿ ಮೊದಲ ಒಗಟು ಹಾಕಿದಳು: "ಎಲ್ಲರ ಕಾಲಡಿ ಬಿದ್ದಿರ್ತದ, ಗಾಳಿ ಎದ್ದರ ಅರಸನ ಕಿರೀಟದ ಮ್ಯಾಲೂ ಕೂರ್ತದ. ಏನದು?"

ಆಸ್ಥಾನದ ಶಾಸ್ತ್ರಿಗಳು "ಅದೃಷ್ಟ" ಎಂದರು. ಕೈಗೆ ಹಗ್ಗ ಬಿತ್ತು. ದಂಡನಾಯಕನ ಮಗ ಮೀಸೆ ತಿರುವಿ "ಕೀರ್ತಿ" ಎಂದ. ಅವನಿಗೂ ಹಗ್ಗ.

"ಧೂಳು, ತಾಯೀ," ಎಂದ ದುರಗಪ್ಪ. "ದಿನಾ ಕಲ್ಲಿಗೆ ಬಡಿದು ಕಳಿಸ್ತೀನಿ, ಮರುದಿನ ಮತ್ತ ಬಂದಿರ್ತೈತಿ."

ರಾಜಕುಮಾರಿ ತಲೆದೂಗಿ ಎರಡನೆಯದನ್ನು ಹಾಕಿದಳು: "ಮಂತ್ರ ಇಲ್ಲ, ಮಾಯ ಇಲ್ಲ, ತೊಟ್ಟವನನ್ನ ವೈರಿ ಕಣ್ಣಿಂದ ಮರೆಮಾಡೋ ಅಂಗಿ ಯಾವುದು?"

"ನಿಂತ ನೆಲದ ಬಣ್ಣದ್ದು."

"ಹಂಗಾದ್ರ ಮೂರನೇದು: 'ಖಾಕಿ' ಯಾರ ಮನೆಯ ಮಾತು?"

"ಸಾಹೇಬರದಂತೂ ಅಲ್ಲ ತಾಯೀ. ಪಾರಸಿಯೊಳಗ ಖಾಕ್ ಅಂದ್ರ ಧೂಳು, ಮಣ್ಣು. ಖಾಕಿ ಅಂದ್ರ ಧೂಳಿನ ಬಣ್ಣದ್ದು. ಉರ್ದು ಮಾತಾಡೋ ಸಿಪಾಯಿಗಳ ಬಾಯಾಗಿತ್ತು, ಅಲ್ಲಿಂದ ಇಂಗ್ಲಿಷಿನವರು ಎತ್ತಿಕೊಂಡರು."

"ಭೇಷ್! ನಿನಗ ಯಾರು ಹೇಳಿದರು?"

"ನಿಮ್ಮ ಸಿಪಾಯಿ ಹುಸೇನಣ್ಣ. 'ಬಿಳಿ ಅಂಗಿ ಗುಡ್ಡದಾಗ ದೂರಕ್ಕ ಕಾಣ್ತದ, ದರೋಡೆಕೋರರ ಗುಂಡು ನೆಟ್ಟಗ ಎದೀಗೆ ಬರ್ತದ. ಖಾಕಿ ಮಾಡಿಕೊಡು ಭೀಮಣ್ಣ' ಅಂತ ಕೈ ಮುಗಿದ. ನಮ್ಮಪ್ಪ ಹೊಳಿಮಣ್ಣು ಕದಡಿ ಅದ್ದಿಕೊಟ್ಟ. ಸಾಹೇಬರ ಅಂಗಿಗೆ ಹೊಗಳಿಕೆ, ನಮ್ಮಪ್ಪನ ಅಂಗಿಗೆ ಗಲ್ಲು! ಇದ್ಯಾವ ನ್ಯಾಯ, ದೊರೀ?"

ಬಾಗಿಲಲ್ಲಿದ್ದ ಹುಸೇನ ಮುಂದೆ ಬಂದು "ಖರೇ ಐತ್ರಿ ಹುಜೂರ್" ಎಂದ. ಅರಸನಿಗೆ ನಾಚಿಕೆಯಾಯಿತು. ಕಟ್ಟಿದ್ದವರನ್ನೆಲ್ಲ ಬಿಡಿಸಿ, "ಅರ್ಧ ರಾಜ್ಯ ಬೇಕೋ, ಮಗಳ ಕೈ ಬೇಕೋ?" ಎಂದು ಕೇಳಿದ.

"ನಮ್ಮಪ್ಪ ಬೇಕು."

ಅರಸ ದುರಗಪ್ಪನ ಜೊತೆ ತಾನೇ ಸೆರೆಮನೆಗೆ ಹೋಗಿ ಭೀಮಪ್ಪನ ಬೇಡಿ ಕಳಚಿದ, ಒಗಟಿನ ಕಥೆಯನ್ನೆಲ್ಲ ಹೇಳಿ ತಪ್ಪಾಯಿತು ಎಂದ. ಊರ ಮುಂದೆ ಹತ್ತೆಕರೆ ಹೊಲವನ್ನೂ ಕೊಟ್ಟ. ಹೊಲದ ಮಾತು ಭೀಮಪ್ಪನ ಕಿವಿಗೇ ಬೀಳಲಿಲ್ಲ. ಮಗನ ಎರಡೂ ಭುಜ ಹಿಡಿದು ಅಲುಗಾಡಿಸಿದ.

"ಹುಚ್ಚಖೋಡಿ! ತಪ್ಪಿದ್ರ ತಲೀನೇ ಹೋಗ್ತಿತ್ತಲ್ಲೋ!"

"ನೀ ಇಲ್ಲದ ಮನಿಗೆ ಈ ತಲಿ ತಗೊಂಡು ಹೋಗಿ ಏನ್ ಮಾಡ್ಲಿ, ಅಪ್ಪಾ?"