ಒರೆಸಿಕೊಳ್ಳದ ಮುಖ

ಚಂದ್ರಮತಿ ಅಂಗಳದಲ್ಲಿ ಬೈಕಿನ ಹಳೆಯ ಸ್ಪಾರ್ಕ್ ಪ್ಲಗ್ ಬಿಚ್ಚಿ, ತಂತಿ ಬ್ರಷ್ಷಿನ ಪಕ್ಕದಲ್ಲಿಟ್ಟು, ಕನ್ನಡಕ ತರಲು ಒಳಗೆ ಹೋದಳು. ಪ್ಲಗ್ಗಿನ ತುದಿ ಎಣ್ಣೆಮಸಿಯಿಂದ ಕಪ್ಪಾಗಿತ್ತು.

ಬ್ರಷ್ಷಿಗೆ ಅಯ್ಯೋ ಎನಿಸಿತು. "ಅಜ್ಜಾ, ಬೇಗ ಮುಖ ಕೊಡು, ತಿಕ್ಕಿ ಬೆಳಗುತ್ತೇನೆ. ಹೀಗೆ ಕಂಡರೆ ನಿನ್ನನ್ನು ಗುಜರಿಗೆ ಹಾಕುತ್ತಾಳೆ."

"ಮುಟ್ಟಬೇಡ ಮಗಾ," ಎಂದಿತು ಪ್ಲಗ್. "ಎಂಜಿನ್ನಿನ ಒಳಗೆ ಆಯಿಲ್ ಸೋರುತ್ತಿದೆ. ಅದಕ್ಕೆ ಹೇಳಿಕೊಳ್ಳಲು ಬಾಯಿಲ್ಲ. ಅದರ ಕಾಯಿಲೆ ಕಾಣುವುದು ನನ್ನ ಮುಖದಲ್ಲಿ ಮಾತ್ರ."

"ಮತ್ತೆ ನಿನ್ನ ಗತಿ?"

"ನಾನು ಓಡಿದ್ದಾಯಿತು. ಅದು ಇನ್ನೂ ಓಡಬೇಕು."

ಚಂದ್ರಮತಿ ಬಂದು ಪ್ಲಗ್ಗನ್ನು ಬೆಳಕಿಗೆ ಹಿಡಿದಳು. "ಅಯ್ಯೋ, ಆಯಿಲ್ ಇಲ್ಲಿವರೆಗೂ ಬಂದಿದೆ! ಮೊದಲು ಎಂಜಿನ್ ರಿಪೇರಿ ಮಾಡಿಸಬೇಕು," ಎಂದು ಪ್ಲಗ್ಗನ್ನು ಗುಜರಿ ಡಬ್ಬಿಗೆ ಹಾಕಿದಳು.

ಎಷ್ಟೋ ಮುಖಗಳನ್ನು ತಿಕ್ಕಿ ಹೊಳೆಯಿಸಿದ್ದ ಬ್ರಷ್, ಇಷ್ಟು ಚೆಂದದ ಮುಖವನ್ನು ನಾನು ಕಂಡೇ ಇರಲಿಲ್ಲ ಎಂದುಕೊಂಡಿತು.