ನಡುವೆ ಕೂತ ನೀಲಿ

ಹೊಳೆದಂಡೆಯ ಆಶ್ರಮದಲ್ಲಿ ಜಂಬಯ್ಯ ಅಂತ ಒಬ್ಬ ಗುರುಗಳಿದ್ದರು. ಪೂರ್ವಾಶ್ರಮದಲ್ಲಿ ಟೆಲಿಫೋನ್ ಕೇಬಲ್ ಜೋಡಿಸುತ್ತಿದ್ದವರು. ಮಂತ್ರ ಕೇಳಿಕೊಂಡು ಬಂದವರ ಕೈಗೂ ತಂತಿಯನ್ನೇ ಕೊಡುತ್ತಿದ್ದರು.

ಶಿಷ್ಯ ತಿಪ್ಪೇಶ ಮೂರು ವರ್ಷ ಕೇಬಲ್ ಹೂಳುವ ಗುಂಡಿಯನ್ನೇ ತೋಡಿದ್ದ. ತಂತಿಗೆ ಪ್ಲಗ್ ಕಚ್ಚಿಸುವ ಇಕ್ಕಳ ಒಂದು ದಿನ ತನ್ನ ಕೈಗೆ ಬರಲಿ ಅನ್ನುವುದೇ ಅವನ ತಪಸ್ಸು.

ಕಡೆಗೂ ಗುರುಗಳು ಕರೆದು, ಕಚೇರಿಯಿಂದ ಪಾಠಶಾಲೆಗೆ ಇಂಟರ್ನೆಟ್ ಎಳೆ ಅಂದರು. ಓಡಿದರೆ ಇಕ್ಕಳ ನಿನ್ನದು, ಓಡದಿದ್ದರೆ ಮತ್ತೆ ಸಲಿಕೆ.

ಕೇಬಲ್ ಒಳಗೆ ಎಂಟು ತಂತಿ, ಎರಡೆರಡನ್ನು ಹೊಸೆದ ನಾಲ್ಕು ಜೋಡಿ. ಯಾವ ಬಣ್ಣದ ಪಕ್ಕ ಯಾವುದು ಅಂತ ಗೋಡೆಯ ಪಟದಲ್ಲಿ ಬರೆದಿತ್ತು. ನೋಡಿ ತಿಪ್ಪೇಶನಿಗೆ ನಗು ಬಂತು. ಕಿತ್ತಳೆ ಜೋಡಿ ಒಟ್ಟಿಗಿದೆ, ಕಂದು ಜೋಡಿ ಒಟ್ಟಿಗಿದೆ. ಹಸಿರು ಜೋಡಿಯ ನಡುವೆ ಮಾತ್ರ ನೀಲಿ ಜೋಡಿ ನುಗ್ಗಿ ಕೂತಿದೆ, ಬಸ್ಸಿನಲ್ಲಿ ಗಂಡಹೆಂಡಿರ ನಡುವೆ ಯಾರೋ ನೆಂಟರು ಕೂತ ಹಾಗೆ.

ಬರೆದವನಿಗೆ ತೂಕಡಿಕೆ ಬಂದಿರಬೇಕು ಅಂದುಕೊಂಡ. ಹಸಿರನ್ನು ಹಸಿರಿನ ಪಕ್ಕ, ನೀಲಿಯನ್ನು ನೀಲಿಯ ಪಕ್ಕ ಕೂರಿಸಿದ. ಎರಡೂ ತುದಿಗೆ ಹಾಗೇ.

ತಂತಿ ತುದಿಯಿಂದ ತುದಿಗೆ ಮುಟ್ಟಿದೆಯೇ ಅಂತ ನೋಡುವ ಟೆಸ್ಟರ್‌ನಲ್ಲಿ ಎಂಟೂ ದೀಪ ಹತ್ತಿದವು. ತಿಪ್ಪೇಶ ಸಲಿಕೆಗೆ ಕೈಮುಗಿದು ಬೀಳ್ಕೊಟ್ಟ.

ಆದರೆ ಪಾಠಶಾಲೆಯ ಕಂಪ್ಯೂಟರ್ ಒಂದು ಪುಟ ತೆರೆಯುವಷ್ಟರಲ್ಲಿ ಅನ್ನ ಬೆಂದು ಆರಿತು.

ಗುರುಗಳು ತುದಿ ನೋಡಿದರು, ಬೈಯಲಿಲ್ಲ. ಪ್ಲಗ್ಗಿನ ಸಾಲಿನಲ್ಲಿ ಮೂರನೆಯ ಜಾಗವೂ ಆರನೆಯದೂ ಸೇರಿ ಒಂದೇ ಮಾತು ಹೊರುತ್ತವೆ ಅಂದರು. ಅಲ್ಲಿ ಕೂರುವ ಎರಡೂ ಒಟ್ಟಿಗೆ ಹೊಸೆದ ತಂತಿಗಳಾದರೆ ಮಾತ್ರ ಪಕ್ಕದವರ ಗದ್ದಲ ಒಳಗೆ ಬರುವುದಿಲ್ಲ. ತಿಪ್ಪೇಶ ಒಂದಕ್ಕೆ ಹಸಿರು, ಇನ್ನೊಂದಕ್ಕೆ ನೀಲಿ ಕಟ್ಟಿದ್ದ.

"ಹಂಗಾದ್ರೆ ಮೂರು ನಾಲ್ಕನ್ನೇ ಜೋಡಿ ಮಾಡಬಹುದಿತ್ತಲ್ಲ ಗುರುಗಳೇ. ನೀಲಿಗೆ ನಡುವೇನೇ ಯಾಕೆ ಜಾಗ?"

ಗುರುಗಳು ಟ್ರಂಕಿನಿಂದ ಒಂದು ಹಳೇ ಟೆಲಿಫೋನ್ ತೆಗೆದರು. ಅದರ ಪುಟ್ಟ ಪ್ಲಗ್ಗನ್ನು ಗೋಡೆಯ ಎಂಟು ತಂತಿಯ ಸಾಕೆಟ್‌ಗೆ ಒತ್ತಿದರು. ಅದು ಟಕ್ ಅಂತ ಕೂತಿತು. ಮುಟ್ಟಿದ್ದು ಸರಿಯಾಗಿ ನಡುವಿನ ಎರಡನ್ನು.

"ಇವನು ಮೊದಲು ಬಂದವನು. ನಡುವೆ ಕೂತಿದ್ದ. ಆಮೇಲೆ ಬಂದವರು ಇವನನ್ನ ಎಬ್ಬಿಸದೆ ಆಚೀಚೆ ಕೂತರು."

ತಿಪ್ಪೇಶ ಫೋನಿನ ಮೇಲಿನ ಧೂಳು ಒರೆಸಿದ. ಇವನು ಟ್ರಂಕ್ ಸೇರಿ ಎಷ್ಟೋ ಕಾಲವಾಯಿತು, ಈಗಲಾದರೂ ಸಾಲು ನೆಟ್ಟಗೆ ಮಾಡಬಾರದೇ ಅಂತ ಕೇಳಿದ.

ಗುರುಗಳು ಇಕ್ಕಳ ತಂದು ಅವನ ಅಂಗೈ ಮೇಲಿಟ್ಟರು.

"ಮಾಡು ತಮ್ಮಾ. ಅದಕ್ಕೆ ಮುಂಚೆ, ಲೋಕದಲ್ಲಿರೋ ಒಂದೊಂದು ಗೋಡೆಯ ಸಾಕೆಟ್‌ಗೂ ಹೋಗಿ ಹೇಳಿ ಬಾ."