ಎರಡನೆಯ ಸರ್ವರ್

"ಗುರುಗಳೇ, ಬಳಕೆಯಿಲ್ಲದೆ ಬಿದ್ದಿರುವುದನ್ನು ಬೇಕಾದವರಿಗೆ ಕೊಟ್ಟರೆ ತಪ್ಪೇ?" ಎಂದು ಇಂದುಧರ ಕೇಳಿದ.

ಅವನು ಜಿಲ್ಲೆಯ ವೈರ್‌ಲೆಸ್ ಜಾಲದಲ್ಲಿ ಎಂಜಿನಿಯರ್. ಯಾವ ಇಲಾಖೆಗೆ ಎಷ್ಟು ಪಾಲು ಎಂದು ಹಂಚುವುದು ಅವನ ಕೆಲಸ. ವೀರಭದ್ರಯ್ಯನವರು ಕಾಲೇಜಿನಲ್ಲಿ ಅವನಿಗೆ ಪಾಠ ಹೇಳಿದವರು. ಅವರು ನಿವೃತ್ತರಾದ ಮೇಲೂ ಹಳೆಯ ವಿದ್ಯಾರ್ಥಿಗಳು ಭಾನುವಾರಗಳಂದು ಮನೆಗೆ ಬಂದು ತಮ್ಮ ಕೆಲಸದ ತೊಡಕುಗಳನ್ನು ಕೇಳುತ್ತಿದ್ದರು.

ಗುರುಗಳು, "ಪ್ರಭಂಜನ ಎಂಬ ಎಂಜಿನಿಯರ್ ಒಬ್ಬನಿದ್ದಾನೆ. ಅವನೂ ನನ್ನ ಹತ್ತಿರವೇ ಓದಿದವನು. ಅವನಿಗೆ ಆದದ್ದನ್ನು ಹೇಳುತ್ತೇನೆ, ಕೇಳು" ಎಂದರು.

ಪ್ರಭಂಜನ ಕೆಲಸ ಮಾಡುತ್ತಿದ್ದ ಜಿಲ್ಲೆಯಲ್ಲಿ ಒಂಬತ್ತು ಸಣ್ಣ ಆಸ್ಪತ್ರೆಗಳಿದ್ದವು. ಒಂದರಲ್ಲೂ ಹೃದಯದ ವೈದ್ಯರಿರಲಿಲ್ಲ. ಎದೆನೋವು ಎಂದು ಯಾರಾದರೂ ಬಂದರೆ ಅಲ್ಲಿಯ ನರ್ಸ್ ಇಸಿಜಿ ತೆಗೆಯುತ್ತಿದ್ದರು. ಅದು ಟವರಿನಿಂದ ಸರ್ವರ್‌ಗೆ ಹೋಗಿ, ಅಲ್ಲಿಂದ ದೊಡ್ಡ ಊರಿನ ಹೃದಯ ವೈದ್ಯರ ಪರದೆಯ ಮೇಲೆ ಮೂಡುತ್ತಿತ್ತು. ಅವರು ನೋಡಿ ಯಾವ ಇಂಜೆಕ್ಷನ್ ಕೊಡಬೇಕೆಂದು ಬರೆಯುತ್ತಿದ್ದರು. ಉತ್ತರ ಬರಲು ಐದು ನಿಮಿಷ ಸಾಕಾಗುತ್ತಿತ್ತು. ಈ ವ್ಯವಸ್ಥೆಯನ್ನು ಕಟ್ಟಿದವನು ಪ್ರಭಂಜನ.

ಸರ್ವರ್‌ಗಳು ಎರಡು, ಎರಡು ಬೇರೆ ಊರುಗಳಲ್ಲಿ. ದಿನವೂ ಎರಡೂ ಕೆಲಸ ಹಂಚಿಕೊಳ್ಳುತ್ತಿದ್ದವು. ಒಂದು ಕೆಟ್ಟರೆ ಅದರ ಕೆಲಸವೆಲ್ಲ ತಾನಾಗಿಯೇ ಇನ್ನೊಂದಕ್ಕೆ ಹೋಗಬೇಕು. ಹೋಗಬೇಕಾದರೆ ಇನ್ನೊಂದರಲ್ಲಿ ಜಾಗ ಇರಬೇಕು. ಅದಕ್ಕಾಗಿ ಎರಡನ್ನೂ ಅರ್ಧಕ್ಕಿಂತ ಹೆಚ್ಚು ತುಂಬಿಸಬಾರದು ಎಂದು ಅವನೇ ನಿಯಮ ಮಾಡಿದ್ದ. ಎರಡು ವರ್ಷ ಒಂದೂ ಕೆಡಲಿಲ್ಲ.

ಒಂದು ದಿನ ಜಿಲ್ಲೆಯ ಶಿಕ್ಷಣಾಧಿಕಾರಿ ಅವನ ಕಚೇರಿಗೆ ಬಂದರು. ಹತ್ತನೆಯ ತರಗತಿಯ ಪರೀಕ್ಷೆಗೆ ಮೂರು ತಿಂಗಳಿತ್ತು. ಬಹಳ ಹಳ್ಳಿಗಳ ಶಾಲೆಗಳಲ್ಲಿ ಗಣಿತಕ್ಕೆ ಮೇಷ್ಟ್ರಿರಲಿಲ್ಲ. ಜಿಲ್ಲಾ ಕೇಂದ್ರದಿಂದ ವಿಡಿಯೊದಲ್ಲಿ ಪಾಠ ಮಾಡುತ್ತಿದ್ದರು. ಅದು ನಿಮಿಷಕ್ಕೊಮ್ಮೆ ನಿಂತು ನಿಂತು ಬರುತ್ತಿತ್ತು. ಲೆಕ್ಕದ ಅರ್ಧದಲ್ಲಿ ಚಿತ್ರ ಹೋದರೆ ಮಕ್ಕಳು ಪುಸ್ತಕ ಮುಚ್ಚಿ ಕೂರುತ್ತಿದ್ದರು.

"ನಿಮ್ಮ ಸರ್ವರ್ ಅರ್ಧ ಖಾಲಿ ಬಿದ್ದಾವಂತ. ಆ ಜಾಗ ನಮ್ಮ ಮಕ್ಕಳಿಗೆ ಕೊಡ್ರಿ" ಎಂದರು ಅಧಿಕಾರಿ.

ಪ್ರಭಂಜನ ಎರಡು ದಿನ ಯೋಚಿಸಿ ಕೊಟ್ಟ. ಎರಡೂ ಸರ್ವರ್‌ಗಳು ಐದರಲ್ಲಿ ನಾಲ್ಕು ಪಾಲು ತುಂಬಿದವು. ಈಗ ಒಂದು ಕೆಟ್ಟರೆ ಇನ್ನೊಂದು ಎರಡರ ಹೊರೆಯನ್ನು ತಾಳಲಾರದು ಎಂದು ಅವನಿಗೆ ಗೊತ್ತಿತ್ತು. ಕೆಟ್ಟ ದಿನ ಶಾಲೆಯ ಪಾಠವನ್ನು ತಾನೇ ಕೈಯಾರೆ ನಿಲ್ಲಿಸಿದರಾಯಿತು, ನಾಲ್ಕು ನಿಮಿಷದ ಕೆಲಸ, ಎಂದುಕೊಂಡ. ಪಾಠಗಳು ಒಮ್ಮೆಯೂ ನಿಲ್ಲದೆ ನಡೆದವು. ಅವನ ಹೆಸರು, ಫೋಟೊ ಪತ್ರಿಕೆಯಲ್ಲಿ ಬಂದವು.

ಮೂರು ವಾರದ ಮೇಲೆ ಅವನು ಯಂತ್ರಗಳನ್ನು ನೋಡಿಬರಲು ಒಂದು ಆಸ್ಪತ್ರೆಗೆ ಹೋದ. ಅಲ್ಲಿ ಎಸ್ತೇರಮ್ಮ ಎಂಬ ಹಿರಿಯ ನರ್ಸ್ ಇದ್ದರು. ಸರ್ವರ್ ಬರುವ ಮೊದಲು ಅವರು ಇಸಿಜಿಯ ಫೋಟೊ ತೆಗೆದು ಆಸ್ಪತ್ರೆಯ ಮೊಬೈಲಿನಿಂದ ಹೃದಯ ವೈದ್ಯರಿಗೆ ಕಳಿಸುತ್ತಿದ್ದರು. ವೈದ್ಯರ ನಂಬರ್ ಆ ಮೊಬೈಲಿನಲ್ಲಿ ಮಾತ್ರ ಇತ್ತು. ಎರಡು ವರ್ಷದಿಂದ ಅದರ ಬಳಕೆ ಇರಲಿಲ್ಲ. ಆದರೂ ಅವರು ತಿಂಗಳಿಗೊಮ್ಮೆ ಅದನ್ನು ಚಾರ್ಜ್ ಮಾಡಿ, ಒಮ್ಮೆ ಕರೆ ಮಾಡಿ ನೋಡಿ ಇಡುತ್ತಿದ್ದರು.

"ಸರ, ಈ ಮೊಬೈಲ್ ಆಫೀಸ್‌ನವರು ವಾಪಸ್ ಕೇಳಾಕತ್ತಾರ್ರಿ. ಕೊಡ್ಲೋ, ಇಟ್ಕೊಳ್ಲೋ?" ಎಂದು ಅವರು ಕೇಳಿದರು.

"ಕೊಟ್ಟುಬಿಡ್ರಿ ಸಿಸ್ಟರ್. ಎರಡು ಸರ್ವರ್ ಅದಾವ. ಒಂದು ಕೆಟ್ರ ಇನ್ನೊಂದು ಐತಿ" ಎಂದ ಪ್ರಭಂಜನ.

ಹೇಳುವಾಗ ಅವನಿಗೆ ಶಾಲೆಯ ಪಾಠದ ನೆನಪು ಬಾರದೆ ಇರಲಿಲ್ಲ. ಆದರೆ ಇಟ್ಟುಕೊಳ್ಳಿ ಎಂದರೆ ಏಕೆ ಎಂದು ವಿವರಿಸಬೇಕಾಗುತ್ತಿತ್ತು. ಎಸ್ತೇರಮ್ಮ ಮರುದಿನವೇ ಮೊಬೈಲನ್ನು ಆರೋಗ್ಯ ಇಲಾಖೆಯ ಕಚೇರಿಗೆ ಕೊಟ್ಟರು.

ಫೆಬ್ರುವರಿಯ ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಸರ್ವರ್‌ಗೆ ವಿದ್ಯುತ್ ಕೊಡುವ ಭಾಗ ಸುಟ್ಟಿತು. ಅದರ ಕೆಲಸವೆಲ್ಲ ಎರಡನೆಯದರ ಮೇಲೆ ಬಿತ್ತು. ಆಗ ಎಲ್ಲ ಶಾಲೆಗಳಲ್ಲೂ ಗಣಿತದ ಪಾಠ ನಡೆದಿತ್ತು. ಎರಡನೆಯದು ಮೂರು ನಿಮಿಷ ತಾಳಿತು. ಆಮೇಲೆ ಅದೂ ನಿಂತಿತು.

ಅದೇ ಹೊತ್ತಿಗೆ ಮೌಲಾಲಿ ಎಂಬವನು ಎಸ್ತೇರಮ್ಮನವರ ಆಸ್ಪತ್ರೆಗೆ ಬಂದ. ಅವನಿಗೆ ನಲವತ್ತಾರು ವರ್ಷ. ಕೆಟ್ಟ ಬೋರ್‌ವೆಲ್‌ಗಳಿಂದ ಪೈಪು, ಮೋಟಾರು ಎತ್ತುವುದು ಅವನ ಕೆಲಸ. ಕೆಲಸದ ನಡುವೆ ಎದೆ ಹಿಡಿದುಕೊಂಡು ಕುಸಿದವನನ್ನು ಜೊತೆಯವರು ಬೈಕಿನಲ್ಲಿ ಕೂರಿಸಿಕೊಂಡು ತಂದಿದ್ದರು.

ಎಸ್ತೇರಮ್ಮ ಇಸಿಜಿ ತೆಗೆದರು. ಅಲ್ಲಿಯ ವೈದ್ಯೆ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಗೆರೆಗಳು ಆಕೆಗೆ ಸ್ಪಷ್ಟವಾಗಲಿಲ್ಲ. ಹೃದಯಾಘಾತವಾಗಿದ್ದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಜೀವ ಉಳಿಸುತ್ತದೆ. ಆಗಿರದಿದ್ದರೆ ಅದೇ ಇಂಜೆಕ್ಷನ್ ರಕ್ತಸ್ರಾವ ಮಾಡಿ ಜೀವ ತೆಗೆಯಬಹುದು. ಹೃದಯ ವೈದ್ಯರ ಮಾತಿಲ್ಲದೆ ಕೊಡಲು ಆಕೆಗೆ ಧೈರ್ಯ ಬರಲಿಲ್ಲ. ಇಸಿಜಿ ಕಳಿಸಿದರು. ಹೋಗಲಿಲ್ಲ. ಮತ್ತೆ ಕಳಿಸಿದರು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು.

ಎಸ್ತೇರಮ್ಮ ಪ್ರಭಂಜನನಿಗೆ ಫೋನ್ ಮಾಡಿದರು. ಅವನು ಎತ್ತಲಿಲ್ಲ. ದೊಡ್ಡ ಆಸ್ಪತ್ರೆಯ ವಿಚಾರಣೆಯ ನಂಬರಿಗೆ ಮಾಡಿದರು. ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ ಕೊಟ್ಟರು, ಮತ್ತೊಬ್ಬರು ಫೋನ್ ಇಡಬೇಡಿ ಎಂದು ಹೇಳಿ ಹೋದರು. ಮೌಲಾಲಿಯ ಅಂಗಿ ಬೆವರಿಗೆ ತೊಯ್ದು ಮೈಗೆ ಅಂಟಿತ್ತು. ಅವನು ನರಳಲಿಲ್ಲ. "ಆತೇನ್ರಿ ಅಕ್ಕಾರ? ಉತ್ತರ ಬಂತೇನ್ರಿ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದ.

ಆ ಹೊತ್ತಿನಲ್ಲಿ ಪ್ರಭಂಜನ ಒಂದು ಸಭೆಯಲ್ಲಿದ್ದ. ಪಕ್ಕದ ಜಿಲ್ಲೆಯಿಂದ ಎಂಜಿನಿಯರ್‌ಗಳು ಬಂದಿದ್ದರು. ಖಾಲಿ ಬಿದ್ದ ಜಾಗವನ್ನು ಹೇಗೆ ಬಳಸಿಕೊಂಡೆ ಎಂದು ಅವರಿಗೆ ವಿವರಿಸುತ್ತಿದ್ದ. ಅವನ ಮೊಬೈಲು ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು. ಮಾತು ಮುಗಿಸಿ ಎತ್ತಿ ನೋಡಿದಾಗ ಎಸ್ತೇರಮ್ಮನವರ ಆರು ಕರೆಗಳಿದ್ದವು. ನಲವತ್ತು ನಿಮಿಷ ಕಳೆದಿತ್ತು.

ಅವನು ಶಾಲೆಗಳ ಪಾಠ ನಿಲ್ಲಿಸಿದ. ಎಣಿಸಿದ್ದಂತೆಯೇ ನಾಲ್ಕು ನಿಮಿಷ ಹಿಡಿಯಿತು. ಎರಡನೆಯ ಸರ್ವರ್ ಎದ್ದಿತು. ಐದು ನಿಮಿಷದಲ್ಲಿ ಹೃದಯ ವೈದ್ಯರ ಉತ್ತರ ಬಂತು. ವೈದ್ಯೆ ಇಂಜೆಕ್ಷನ್ ಕೊಟ್ಟರು.

ಮೌಲಾಲಿ ಉಳಿದ. ಆದರೆ ಅಷ್ಟರಲ್ಲಿ ಅವನ ಹೃದಯದ ಒಂದು ಭಾಗ ಸತ್ತಿತ್ತು. ಇನ್ನು ಮೇಲೆ ಒಂದು ಕೊಡ ನೀರನ್ನೂ ಎತ್ತಬಾರದು ಎಂದು ವೈದ್ಯರು ಹೇಳಿದರು.

ವಿಚಾರಣೆ ನಡೆಯಿತು. ಪ್ರಭಂಜನ ವರದಿ ಬರೆದ. ಒಂದು ಸರ್ವರ್ ವಿದ್ಯುತ್ ಕೈಕೊಟ್ಟು ನಿಂತಿತು, ಹೊರೆ ಹೆಚ್ಚಾಗಿ ಎರಡನೆಯದೂ ನಿಂತಿತು ಎಂದು ಬರೆದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೊರೆ ಏಕೆ ಹೆಚ್ಚಾಯಿತು ಎಂದು ಅವನು ಬರೆಯಲಿಲ್ಲ, ಮೇಲಿನವರು ಕೇಳಲೂ ಇಲ್ಲ.

ಕೆಲವು ದಿನಗಳ ಮೇಲೆ ವಿಚಾರಣೆಯ ಫೈಲು ಅವನ ಮೇಜಿಗೆ ಬಂತು. ಅದರಲ್ಲಿ ಎಸ್ತೇರಮ್ಮನವರ ಕಾಗದವೊಂದಿತ್ತು. ಹೃದಯ ವೈದ್ಯರನ್ನು ಸಂಪರ್ಕಿಸುವ ಬೇರೆ ದಾರಿ ಏಕೆ ಇಟ್ಟುಕೊಂಡಿರಲಿಲ್ಲ ಎಂದು ಆರೋಗ್ಯ ಇಲಾಖೆ ಅವರಿಗೆ ನೋಟಿಸ್ ಕೊಟ್ಟಿತ್ತು. ಅವರು ಉತ್ತರಿಸಿದ್ದರು: 'ಆಸ್ಪತ್ರೆಯ ಮೊಬೈಲನ್ನು ನಾನೇ ವಾಪಸ್ ಮಾಡಿದೆ. ನಂಬರನ್ನು ಬರೆದಿಟ್ಟುಕೊಳ್ಳಲಿಲ್ಲ. ಇದು ನನ್ನ ತಪ್ಪು. ಮೂವತ್ತೊಂದು ವರ್ಷದ ಸೇವೆಯಲ್ಲಿ ಇದು ಮೊದಲನೆಯದು. ಕ್ಷಮಿಸಬೇಕು.'

ಯಾರ ಮಾತು ಕೇಳಿ ಮೊಬೈಲ್ ಕೊಟ್ಟೆ ಎಂದು ಅವರು ಬರೆದಿರಲಿಲ್ಲ.

ಪ್ರಭಂಜನನ ಮುಖಕ್ಕೆ ರಕ್ತ ನುಗ್ಗಿತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದ. ಆಮೇಲೆ ಫೈಲನ್ನು ಕಟ್ಟಿ ಬೇರೆ ಫೈಲುಗಳ ಕೆಳಗಿಟ್ಟ. ದಿನವೂ ಕಚೇರಿಗೆ ಬಂದಾಗ ಅದು ಅಲ್ಲೇ ಇರುತ್ತಿತ್ತು. ದಿನವೂ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ.

ಹನ್ನೊಂದನೆಯ ದಿನ ಅವನು ಆಸ್ಪತ್ರೆಗೆ ಹೋದ. ಮೌಲಾಲಿ ಮಾತ್ರೆ ತೆಗೆದುಕೊಳ್ಳಲು ಬಂದು ಬೆಂಚಿನ ಮೇಲೆ ಕುಳಿತಿದ್ದ. "ಮಷೀನ್ ಕೂಡಿಸಿದ ಸಾಹೇಬ್ರು ಇವರೇ" ಎಂದು ಎಸ್ತೇರಮ್ಮ ತೋರಿಸಿದರು. ಮೌಲಾಲಿ ಬೆಂಚು ಹಿಡಿದು ಎದ್ದು ನಿಂತು ಕೈಮುಗಿದ. "ನಿಮ್ಮ ಮಷೀನ್ ಚಾಲೂ ಆತು, ನಾ ಉಳದ್ನಿ ಸಾಹೇಬ್ರ" ಎಂದ.

ಪ್ರಭಂಜನನಿಗೆ ಆ ಕೈಗಳನ್ನು ನೋಡಲಾಗಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟ. ಖಾಲಿ ಇಡಬೇಕಾಗಿದ್ದ ಜಾಗವನ್ನು ಶಾಲೆಗಳಿಗೆ ಕೊಟ್ಟದ್ದು, ಕೊಟ್ಟ ಮೇಲೂ ಎಸ್ತೇರಮ್ಮನವರಿಗೆ ಇನ್ನೊಂದು ಇದೆ ಎಂದದ್ದು, ಮೊಬೈಲ್ ಬೋರಲು ಹಾಕಿ ಭಾಷಣ ಮಾಡಿದ್ದು, ವರದಿಯಲ್ಲಿ ಬರೆಯದೆ ಬಿಟ್ಟದ್ದು. ಹೇಳುತ್ತ ಹೋದಂತೆ ಅವನ ದನಿ ಸಣ್ಣದಾಯಿತು.

ಮೌಲಾಲಿ ಮುಗಿದ ಕೈ ಇಳಿಸಿ ಕುಳಿತ. ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡ. ಆಮೇಲೆ, "ಈಗ ಆ ಹುಡುಗರ ಪಾಠ ನಿಂತಾವೇನ್ರಿ?" ಎಂದು ಕೇಳಿದ.

"ಇಲ್ಲ. ಬೇರೆ ಕಡೆ ಹಾಕೀನಿ."

"ನಿಲ್ಲಸಬ್ಯಾಡ್ರಿ" ಎಂದ ಮೌಲಾಲಿ. ಅದಕ್ಕಿಂತ ಹೆಚ್ಚು ಅವನೇನೂ ಆಡಲಿಲ್ಲ. ಮಾತ್ರೆಯ ಚೀಟಿ ಹಿಡಿದುಕೊಂಡು ನಿಧಾನವಾಗಿ ನಡೆದು ಹೋದ.

ಬೈದಿದ್ದರೆ ಪ್ರಭಂಜನ ತಡೆದುಕೊಳ್ಳುತ್ತಿದ್ದ.

ಎಸ್ತೇರಮ್ಮ ಅಲ್ಲಿಯೇ ನಿಂತಿದ್ದರು. "ನಾ ಬರದ ಕಾಗದ ಓದಿದ್ರೇನ್ರಿ ಸರ?" ಎಂದು ಕೇಳಿದರು.

"ಓದಿದೆ ಸಿಸ್ಟರ್."

"ಯಾವಾಗ?"

ಎಸ್ತೇರಮ್ಮ ಉತ್ತರಕ್ಕಾಗಿ ತುಸು ಕಾದರು. ಆಮೇಲೆ ವಾರ್ಡಿನಲ್ಲಿ ಯಾರೋ ಕರೆದರೆಂದು ಒಳಗೆ ಹೋದರು.

ಅವನು ಅದೇ ದಿನ ಹೊಸ ವರದಿ ಬರೆದು ಕೊಟ್ಟ. ಎಸ್ತೇರಮ್ಮನವರ ಮೇಲಿನ ನೋಟಿಸನ್ನು ಹಿಂದಕ್ಕೆ ಪಡೆದರು. ಅವನಿಗೆ ಎರಡು ವರ್ಷ ಬಡ್ತಿ ನಿಂತಿತು. ಅದು ಅವನಿಗೆ ಶಿಕ್ಷೆ ಎನಿಸಲಿಲ್ಲ. ಇಂದಿಗೂ ಅವನು ಆ ಒಂಬತ್ತು ಆಸ್ಪತ್ರೆಗಳಿಗೂ ಹೋಗುತ್ತಾನೆ. ಎಸ್ತೇರಮ್ಮ ನಮಸ್ಕಾರ ಹೇಳುತ್ತಾರೆ, ಚಹಾ ತರಿಸಿ ಕೊಡುತ್ತಾರೆ. ಆದರೆ ಅವನು ಯಾವ ಯಂತ್ರವನ್ನು ಸರಿಯಿದೆ ಎಂದರೂ, ಅವನ ಎದುರಿಗೇ ಇನ್ನೊಮ್ಮೆ ತಾವೇ ಚಾಲು ಮಾಡಿ ನೋಡುತ್ತಾರೆ. ಅವನು ತಲೆ ತಗ್ಗಿಸಿಕೊಂಡು ಅದು ಮುಗಿಯುವವರೆಗೆ ನಿಂತಿರುತ್ತಾನೆ.

ಗುರುಗಳು ಮಾತು ನಿಲ್ಲಿಸಿದರು.

ಇಂದುಧರ ಕೇಳಿದ: "ಹಾಗಾದರೆ ಗುರುಗಳೇ, ಆ ಜಾಗವನ್ನು ಮಕ್ಕಳಿಗೆ ಕೊಟ್ಟದ್ದೇ ತಪ್ಪೋ?"

"ಅದನ್ನು ಆಮೇಲೆ ನೋಡೋಣ. ನೀನು ಯಾರ ಪಾಲನ್ನು ತೆಗೆದು ಕೊಟ್ಟಿದ್ದೀಯೋ, ಅವರಿಗೆ ತಿಳಿಸಿದ್ದೀಯಾ?" ಎಂದರು ಗುರುಗಳು.

ಇಂದುಧರ ಜೇಬಿನಿಂದ ಮೊಬೈಲು ತೆಗೆದು ಆ ಇಲಾಖೆಯವರ ನಂಬರ್ ಹುಡುಕತೊಡಗಿದ.